ಕಡುಬಿಗೆ ಅದರ ಹೆಸರು ಬೇಕು

ಚಳಿಗಾಲದ ಒಂದು ಭಾನುವಾರ ಮಧ್ಯಾಹ್ನ, ಎಪ್ಪತ್ತು ದಾಟಿದ ಅವ್ವನನ್ನು ಹುಬ್ಬಳ್ಳಿಯ ಒಂದು ಚೈನೀಸ್ ರೆಸ್ಟೋರೆಂಟಿಗೆ ಕರೆದುಕೊಂಡು ಹೋಗಿದ್ದೆವು. ಮೊಮ್ಮಕ್ಕಳ ಒತ್ತಾಯವಿಲ್ಲದಿದ್ದರೆ ಆಕೆ ಹೊರಗೆ ಊಟಕ್ಕೆ ಬರುವವಳಲ್ಲ. ಬಂದರೂ ಖಾನಾವಳಿಯ ರೊಟ್ಟಿ, ಎಣ್ಣೆಗಾಯಿ ಪಲ್ಯದಿಂದಾಚೆಗೆ ಕೈ ಚಾಚುವವಳಲ್ಲ. ಮೆನು ಕಾರ್ಡಿನಲ್ಲಿ ‘ಡಿಮ್ ಸಮ್’ ಎಂಬ ಹೆಸರು ಕಂಡ ಮಕ್ಕಳು ಅದನ್ನೇ ತರಿಸಿದರು. ಮೇಜಿನ ಮೇಲೆ ಬಂದು ಕುಳಿತದ್ದು ಬಿದಿರಿನ ಒಂದು ದುಂಡು ಬುಟ್ಟಿ. ಮುಚ್ಚಳ ತೆಗೆದಾಗ ಮೊದಲು ಕಂಡದ್ದು ಹಬೆ. ಹಬೆ ಸರಿದ ಮೇಲೆ ತೆಳುವಾದ ಹೊದಿಕೆಯೊಳಗೆ ತರಕಾರಿ ಕಾಣುವಂಥ ನಾಲ್ಕು ಪುಟ್ಟ ಗಂಟುಗಳು. ಅವ್ವ ಕನ್ನಡಕ ಸರಿಪಡಿಸಿಕೊಂಡು ನೋಡಿದಳು. “ಇದು ನಮ್ಮ ಕಡಬು ಅಲ್ಲೇನೋ? ಒಳಗ ಹೂರಣದ ಬದಲಿ ಪಲ್ಲೆ ತುಂಬ್ಯಾರ, ಅಷ್ಟ” ಎಂದಳು.

ಬಡಿಸುತ್ತಿದ್ದ ಹುಡುಗ ನಕ್ಕ. “ಮೋಮೋನ ರೀ ಅಜ್ಜಿ. ಹೆಸರು ಅಷ್ಟ ಬ್ಯಾರೆ” ಎಂದ. ಹಾಗೆಂದವನೇ ಅಡುಗೆಮನೆಯ ಕಿಂಡಿಯತ್ತ ತಿರುಗಿ, “ಏ ಚೈನಾ, ಇನ್ನೊಂದು ಪ್ಲೇಟ್ ಹಚ್ಚೋ” ಎಂದು ಕೂಗಿದ. ಕಿಂಡಿಯಾಚೆ ಹಬೆಯ ನಡುವೆ ತಲೆಯೆತ್ತಿದವನು ಇಪ್ಪತ್ತರ ಆಸುಪಾಸಿನ ಯುವಕ. ನಮ್ಮ ದೇಶದ ಈಶಾನ್ಯ ಗಡಿಯ ಯಾವುದೋ ಬೆಟ್ಟದ ಊರಿನವನೆಂದು ಮುಖ ನೋಡಿದರೆ ತಿಳಿಯುತ್ತಿತ್ತು.

ಕಡುಬು, ಮೋಮೋ, ಡಿಮ್ ಸಮ್, ಚೈನಾ. ಒಂದೇ ನಿಮಿಷದಲ್ಲಿ ಒಂದೇ ಬುಟ್ಟಿಯ ಸುತ್ತ ನಾಲ್ಕು ಹೆಸರುಗಳು ಓಡಾಡಿದವು. ಹೆಸರು ಅಷ್ಟೇ ಬೇರೆ ಎಂಬ ಆ ಹುಡುಗನ ಮಾತು ಅರ್ಧ ನಿಜ. ಉಳಿದರ್ಧದ ಬಗ್ಗೆ ನಾವು ಯೋಚಿಸುವುದು ಕಡಿಮೆ. ಹುಬ್ಬಳ್ಳಿ–ಧಾರವಾಡದ ಬೀದಿಗಳಲ್ಲಿ ಸಂಜೆ ಆರರ ನಂತರ ‘ಚೈನೀಸ್’ ಎಂಬ ಫಲಕ ಹೊತ್ತು ನಿಲ್ಲುವ ನೂರಾರು ತಳ್ಳುಗಾಡಿಗಳ ಎದುರು ನಿಂತು ತಿನ್ನುವ ನಾವು, ಆ ಒಂದು ಶಬ್ದದ ಕೆಳಗೆ ಯಾರು ಯಾರು ಮರೆಯಾಗಿದ್ದಾರೆ ಎಂದು ಒಮ್ಮೆಯಾದರೂ ಕೇಳಿದ್ದೇವೆಯೇ?

ಹಬೆಯ ನೆಂಟಸ್ತಿಕೆ

ಮೊದಲು ಅವ್ವನ ಮಾತನ್ನೇ ತೆಗೆದುಕೊಳ್ಳೋಣ. ಆಕೆ ಹೇಳಿದ್ದರಲ್ಲಿ ತಪ್ಪೇನಿಲ್ಲ. ಡಿಮ್ ಸಮ್ ಎಂಬುದು ಒಂದು ತಿಂಡಿಯ ಹೆಸರಲ್ಲ. ದಕ್ಷಿಣ ಚೀನದ ಕ್ಯಾಂಟನ್ ಪ್ರದೇಶದ ಒಂದು ಊಟದ ಕ್ರಮದ ಹೆಸರು. ಅಕ್ಷರಶಃ ಅರ್ಥ, ‘ಹೃದಯವನ್ನು ಮುಟ್ಟುವುದು’. ಹೊಟ್ಟೆ ತುಂಬಿಸುವುದಕ್ಕಲ್ಲ, ಮನಸ್ಸನ್ನು ತಟ್ಟುವುದಕ್ಕೆ ಎಂಬ ಭಾವ. ಕ್ಯಾಂಟನೀಸರು ‘ಡಿಮ್ ಸಮ್ ತಿನ್ನಲು ಹೋಗೋಣ’ ಎನ್ನುವುದಕ್ಕಿಂತ ‘ಚಹಾ ಕುಡಿಯಲು ಹೋಗೋಣ’ ಎನ್ನುವುದೇ ಹೆಚ್ಚು. ಬೆಳಗಿನಿಂದ ಮಧ್ಯಾಹ್ನದವರೆಗೆ ಚಹಾದಂಗಡಿಯಲ್ಲಿ ಕುಟುಂಬದ ಮೂರು ತಲೆಮಾರು ಒಂದೇ ಮೇಜಿನ ಸುತ್ತ ಕೂರುತ್ತದೆ. ಪುಟ್ಟ ಬಿದಿರು ಬುಟ್ಟಿಗಳಲ್ಲಿ ಮೂರೋ ನಾಲ್ಕೋ ತುಣುಕುಗಳಂತೆ ತಿನಿಸುಗಳು ಬರುತ್ತವೆ. ಮಾತು ಮುಗಿಯುವವರೆಗೆ ಚಹಾ ಮುಗಿಯುವುದಿಲ್ಲ. ಚಹಾ ಸುರಿದುಕೊಟ್ಟವರಿಗೆ, ಬಾಯಲ್ಲಿ ತುತ್ತಿದ್ದರೂ, ಎರಡು ಬೆರಳು ಮಡಿಸಿ ಮೇಜನ್ನು ಮೆಲ್ಲನೆ ತಟ್ಟಿ ಕೃತಜ್ಞತೆ ಹೇಳುವ ರೂಢಿ ಅಲ್ಲಿದೆ. ವೇಷ ಮರೆಸಿಕೊಂಡು ಸಂಚರಿಸುತ್ತಿದ್ದ ಚಿಯೆನ್‌ಲುಂಗ್ ಚಕ್ರವರ್ತಿ ತನ್ನ ಸೇವಕನಿಗೇ ಚಹಾ ಸುರಿದುಕೊಟ್ಟನೆಂದೂ, ಎಲ್ಲರೆದುರು ಅಡ್ಡಬೀಳಲಾಗದ ಸೇವಕ ಬೆರಳುಗಳನ್ನೇ ಮಡಿಸಿ ನಮಸ್ಕರಿಸಿದನೆಂದೂ ಕತೆ.

ಈ ತಿನಿಸುಗಳಲ್ಲಿ ಪ್ರಸಿದ್ಧವಾದದ್ದು ಸಿಗಡಿ ತುಂಬಿದ ‘ಹಾರ್ ಗಾವ್’. ಒಳಗಿನ ಹೂರಣ ಕಾಣುವಷ್ಟು ತೆಳುವಾದ ಅದರ ಹೊದಿಕೆಗೆ ಕನಿಷ್ಠ ಏಳು ಮಡಿಕೆಗಳಿರಬೇಕು. ಪಳಗಿದ ಕೈಯಾದರೆ ಹತ್ತಕ್ಕೂ ಹೆಚ್ಚು. ಆ ಹೊದಿಕೆಯ ಹಿಟ್ಟು ನಮ್ಮ ಗೋಧಿ ಹಿಟ್ಟಿನಂತೆ ಜಿಗುಟಲ್ಲ. ಗೋಧಿಯಿಂದ ಅಂಟಿನ ಅಂಶವನ್ನು ತೊಳೆದು ತೆಗೆದು ಉಳಿದ ಪಿಷ್ಟವದು. ತಣ್ಣೀರಿನಲ್ಲಿ ಅದು ಒಂದುಗೂಡುವುದಿಲ್ಲ. ಆದ್ದರಿಂದ ಕುದಿಯುವ ನೀರು ಸುರಿದು, ಬಿಸಿಯಿರುವಾಗಲೇ ನಾದಬೇಕು. ಜೋಳದ ರೊಟ್ಟಿ ಬಡಿಯುವ ಧಾರವಾಡದ ಯಾವ ಹೆಣ್ಣುಮಗಳಿಗೂ ಈ ರಹಸ್ಯವನ್ನು ಹೇಳಿಕೊಡಬೇಕಾಗಿಲ್ಲ. ಜೋಳದಲ್ಲಿಯೂ ಅಂಟಿಲ್ಲ, ಎಸರಿಟ್ಟು, ಕುದಿನೀರಿನಲ್ಲಿ ಹಿಟ್ಟನ್ನು ಹದಗೊಳಿಸಿದರಷ್ಟೇ ರೊಟ್ಟಿ ಹರಿಯದೆ ಬರುತ್ತದೆ. ಸಾವಿರಾರು ಮೈಲಿ ದೂರದ ಎರಡು ಅಡುಗೆಮನೆಗಳು ಒಂದೇ ಸಮಸ್ಯೆಗೆ ಒಂದೇ ಪರಿಹಾರವನ್ನು ಕಂಡುಕೊಂಡಿವೆ.

ಹಬೆಯಲ್ಲಿ ಬೇಯಿಸುವ ವಿದ್ಯೆಯ ವಿಚಾರದಲ್ಲಂತೂ ಚೀನಕ್ಕೂ ನಮಗೂ ಹಳೆಯ ಮಾತುಕತೆಯಿದೆ. ಕ್ರಿ.ಶ. 640ರ ಸುಮಾರಿಗೆ ಚೀನದ ಯಾತ್ರಿಕ ಹ್ಯುಯೆನ್ ತ್ಸಾಂಗ್ ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದಿದ್ದನೆಂಬುದು ಶಾಲಾ ಪಠ್ಯಗಳಲ್ಲಿಯೇ ಇದೆ. ಭಾರತೀಯರಲ್ಲಿ ಹಬೆಪಾತ್ರೆಯಿಲ್ಲವೆಂದು ಆತ ಹೇಳಿದ್ದಾನೆಂದು ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ಇತಿಹಾಸಕಾರ ಕೆ.ಟಿ. ಅಚಯ ಬರೆದಿದ್ದಾರೆ. ಆದರೆ ಹಬೆಗೆ ಪ್ರತ್ಯೇಕ ಪಾತ್ರೆಯೇ ಬೇಕೆಂದಿಲ್ಲ. ಕುದಿಯುವ ನೀರಿನ ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿದರೂ ಸಾಕು. ನಮ್ಮ ಹಳ್ಳಿಗಳಲ್ಲಿ ನಾಗರಪಂಚಮಿಯ ಕಡುಬು ಎಷ್ಟೋ ಕಾಲ ಬೆಂದದ್ದು ಹಾಗೆಯೇ. ಪಂಚಮಿಯಂದು ಹೆಚ್ಚಬಾರದು, ಕರಿಯಬಾರದು ಎಂಬ ನೇಮವಿರುವ ಮನೆಗಳಲ್ಲಿ ಹಬ್ಬದ ಭಾರವನ್ನೆಲ್ಲ ಹೊರುವುದು ಆ ಹಬೆಯೇ. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆ. ಹಿಟ್ಟಿನೊಳಗೆ ಹೂರಣವಿಟ್ಟು ಅಂಚು ಮಡಿಚಿ ಬೇಯಿಸುವ ತಿನಿಸು ಕೊರಿಯದಲ್ಲಿ ಮಂಡು, ಜಪಾನಿನಲ್ಲಿ ಗ್ಯೋಜ, ತುರ್ಕಿಯಲ್ಲಿ ಮಾಂತಿ, ಮಹಾರಾಷ್ಟ್ರದಲ್ಲಿ ಮೋದಕ, ನಮ್ಮಲ್ಲಿ ಕಡುಬು. ಇಲ್ಲಿಯವರೆಗೆ ಅವ್ವನ ಮಾತೂ ಸರಿ, ಬಡಿಸುವ ಹುಡುಗನ ಮಾತೂ ಸರಿ.

ಮೆನು ಕಾರ್ಡಿನಲ್ಲಿ ಮರೆಯಾದವರು

ತಿನಿಸು ಒಂದೇ ಬಗೆಯದಾದರೂ ಅದನ್ನು ಹೊತ್ತು ತಂದವರ ಕತೆಗಳು ಒಂದೇ ಅಲ್ಲ. ನಮ್ಮ ‘ಚೈನೀಸ್’ ಚೀನದಿಂದ ನೇರವಾಗಿ ಬಂದದ್ದಲ್ಲ, ಕಲ್ಕತ್ತೆಯ ಮೂಲಕ ಬಂದದ್ದು. 18ನೆಯ ಶತಮಾನದ ಕೊನೆಯ ದಶಕಗಳಲ್ಲಿ ತೋಂಗ್ ಆಚ್ಯೂ ಎಂಬ ಚೀನೀ ವ್ಯಾಪಾರಿ ವಾರನ್ ಹೇಸ್ಟಿಂಗ್ಸನ ಕಾಲದಲ್ಲಿ ಹೂಗ್ಲಿ ನದಿಯ ದಡದಲ್ಲಿ ಭೂಮಿ ಪಡೆದು ಸಕ್ಕರೆ ತಯಾರಿಕೆಗೆ ತೊಡಗಿದ. ಆ ಊರಿಗೆ ಇಂದಿಗೂ ಅಛಿಪುರ ಎಂಬ ಹೆಸರಿದೆ. ಅನಂತರ ಬಂದವರಲ್ಲಿ ಕ್ಯಾಂಟನ್ನಿನವರು ಬಡಗಿಗಳಾದರು, ಹುಬೆ ಪ್ರಾಂತದವರು ದಂತವೈದ್ಯರಾದರು, ಹಕ್ಕಾ ಜನ ಚರ್ಮ ಹದಮಾಡುವ ಕೆಲಸಕ್ಕೆ ಇಳಿದರು. ಮೇಲ್ಜಾತಿಯವರು ಮುಟ್ಟದ ಆ ಕಸುಬಿನ ಮೇಲೆಯೇ ಟಾಂಗ್ರಾ ಎಂಬ ಚೀನೀ ಬಡಾವಣೆ ಬೆಳೆಯಿತು. ಕಲ್ಕತ್ತೆಯ ಟಿರೆಟ್ಟಾ ಬಜಾರಿನಲ್ಲಿ ಬೆಳಗಿನ ಜಾವ ಬೀದಿಬದಿಯಲ್ಲಿ ಬುಟ್ಟಿಗಳನ್ನಿಟ್ಟು ಮಾರುವ ಹಬೆಯ ತಿನಿಸುಗಳೇ, ನಮ್ಮ ದೇಶದ ಮಣ್ಣಿನಲ್ಲಿ ಬೇರುಬಿಟ್ಟ ಡಿಮ್ ಸಮ್.

ನಾವು ದಿನವೂ ಹೇಳುವ ‘ಹಕ್ಕಾ ನೂಡಲ್ಸ್’ ಎಂಬುದರಲ್ಲಿ ಹಕ್ಕಾ ಎಂದರೆ ಒಂದು ಬಗೆಯ ಶಾವಿಗೆ ಎಂದೇ ಹೆಚ್ಚಿನವರು ತಿಳಿದಿರಬಹುದು. ಅದು ಒಂದು ಜನಸಮುದಾಯದ ಹೆಸರು. ‘ಅತಿಥಿ ಮನೆತನದವರು’ ಎಂದು ಅದರ ಅರ್ಥ. ಚೀನದೊಳಗೇ ಉತ್ತರದಿಂದ ದಕ್ಷಿಣಕ್ಕೆ ವಲಸೆ ಬಂದು, ನೆಲೆನಿಂತ ಊರಿನಲ್ಲಿಯೂ ಹೊರಗಿನವರೆಂದೇ ಕರೆಸಿಕೊಂಡವರು ಅವರು. ‘ಶೇಜ್ವಾನ್’ ಎಂದು ನಮ್ಮ ಗಾಡಿಗಳ ಮೇಲೆ ಬರೆದಿರುವುದು ಸಿಚುವಾನ್ ಪ್ರಾಂತದ ಹೆಸರು. ಇನ್ನು ‘ಮಂಚೂರಿಯನ್’? ಮಂಚೂರಿಯಾಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಕಲ್ಕತ್ತೆಯ ಚೀನೀ ಕುಟುಂಬದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಅಡುಗೆಮನೆಯಲ್ಲಿ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನ ಒಗ್ಗರಣೆಗೆ ಸೋಯಾ ರಸವನ್ನೂ ಮೆಕ್ಕೆಜೋಳದ ಪಿಷ್ಟವನ್ನೂ ಸೇರಿಸಿ ಚಿಕನ್ ಮಂಚೂರಿಯನ್ ಮಾಡಿದರೆಂಬುದು ಎಲ್ಲೆಡೆ ಪ್ರಚಲಿತವಾದ ವೃತ್ತಾಂತ. ಕೋಳಿಯ ಜಾಗದಲ್ಲಿ ಹೂಕೋಸನ್ನು ಇಟ್ಟು ಶಾಕಾಹಾರಿ ಕರ್ನಾಟಕ ಅದನ್ನು ತನ್ನದಾಗಿಸಿಕೊಂಡಿತು. ಕನ್ನಡನಾಡಿನ ಯಾವ ಜಾತ್ರೆಗೆ ಹೋದರೂ ಇಂದು ಮಿರ್ಚಿ ಭಜಿಯ ಪಕ್ಕದಲ್ಲಿ ಗೋಬಿ ಇದ್ದೇ ಇರುತ್ತದೆ.

ಅಡುಗೆಯನ್ನು ಇಷ್ಟು ಪ್ರೀತಿಯಿಂದ ಒಪ್ಪಿಕೊಂಡ ನಾವು ಆ ಅಡುಗೆಯವರನ್ನು ಹೇಗೆ ನಡೆಸಿಕೊಂಡೆವು? 1962ರ ಯುದ್ಧದ ಸಂದರ್ಭದಲ್ಲಿ ಚೀನೀ ಮೂಲದ ಸುಮಾರು ಮೂರು ಸಾವಿರ ಜನರನ್ನು, ಅದರಲ್ಲಿಯೂ ಅಸ್ಸಾಂ ಹಾಗೂ ಉತ್ತರ ಬಂಗಾಳದವರನ್ನು, ಮನೆಗಳಿಂದ ಎಬ್ಬಿಸಿ ರೈಲಿನಲ್ಲಿ ರಾಜಸ್ಥಾನದ ದೇವಲಿ ಶಿಬಿರಕ್ಕೆ ಸಾಗಿಸಲಾಯಿತು. ಭಾರತದಲ್ಲಿಯೇ ಹುಟ್ಟಿದವರು, ಚೀನವನ್ನು ಒಮ್ಮೆಯೂ ನೋಡದವರು, ಹಸುಗೂಸುಗಳು, ಮುದುಕರು ಎಲ್ಲರೂ ಅದರಲ್ಲಿದ್ದರು. ಯುದ್ಧ ನಡೆದದ್ದು ಒಂದು ತಿಂಗಳು. ಕೊನೆಯ ಬಂಧಿಗಳು ಹೊರಬಂದದ್ದು 1967ರಲ್ಲಿ. ಹಿಂದಿರುಗಿದಾಗ ಹಲವರ ಮನೆ, ಅಂಗಡಿಗಳು ಹರಾಜಾಗಿದ್ದವು. ರೀಟಾ ಚೌಧುರಿಯವರ ಅಸ್ಸಾಮೀ ಕಾದಂಬರಿ ‘ಮಾಕಾಂ’ ಈ ಜನರ ಕತೆಯನ್ನು ಹೇಳುವವರೆಗೆ, ಅಸ್ಸಾಮಿನಲ್ಲಿಯೇ ಎಷ್ಟೋ ಜನರಿಗೆ ಅದು ತಿಳಿದಿರಲಿಲ್ಲ. 2020ರಲ್ಲಿ ಜಾಯ್ ಮಾ ಮತ್ತು ದಿಲೀಪ್ ಡಿಸೋಜ ಶಿಬಿರದಲ್ಲಿದ್ದವರ ಅನುಭವಗಳನ್ನು ಕಲೆಹಾಕಿ ಪುಸ್ತಕವಾಗಿ ಪ್ರಕಟಿಸಿದರು. ಜಾಯ್ ಮಾ ಸ್ವತಃ ಆ ಶಿಬಿರದಲ್ಲಿಯೇ ಹುಟ್ಟಿದವರು. ನೊಂದ ಅನೇಕ ಕುಟುಂಬಗಳು ಕೆನಡಾದತ್ತ ಮುಖಮಾಡಿದವು. ಟೊರಾಂಟೊ ನಗರದ ‘ಹಕ್ಕಾ’ ಹೋಟೆಲುಗಳಲ್ಲಿ ಇಂದು ಸಿಗುವ ಚಿಲ್ಲಿ ಚಿಕನ್, ಹಾಗೆ ಬಿಟ್ಟುಹೋದ ಕಲ್ಕತ್ತೆಯ ನೆನಪು.

ಐವತ್ತು ಕಿಲೊಮೀಟರ್ ದೂರದ ಟಿಬೆಟ್

ಕಲ್ಕತ್ತೆ ದೂರದ ಮಾತಾಯಿತು ಎನ್ನುವವರು ಹುಬ್ಬಳ್ಳಿಯಿಂದ ತಡಸದ ಹಾದಿ ಹಿಡಿದು ಐವತ್ತು ಕಿಲೊಮೀಟರಿನಷ್ಟು ಹೋದರೆ ಸಾಕು, ಮುಂಡಗೋಡ ಸಿಗುತ್ತದೆ. ಬಯಲುಸೀಮೆ ಮುಗಿದು ಮಲೆನಾಡಿನ ಸೆರಗು ಆರಂಭವಾಗುವ ಆ ಜಾಗದಲ್ಲಿ, ಗೋವಿನಜೋಳದ ಹೊಲಗಳ ನಡುವೆ, ಬಣ್ಣದ ಪ್ರಾರ್ಥನಾ ಪತಾಕೆಗಳು ಕಾಣತೊಡಗುತ್ತವೆ. 1959ರಲ್ಲಿ ದಲೈ ಲಾಮಾ ಲ್ಹಾಸಾದಿಂದ ಭಾರತಕ್ಕೆ ಬಂದ ಮೇಲೆ ಅವರ ಹಿಂದೆ ಬಂದ ಸಾವಿರಾರು ನಿರಾಶ್ರಿತರಿಗೆ ನೆಲ ಕೊಡಲು ಮುಂದಾದ ರಾಜ್ಯಗಳಲ್ಲಿ ಅಂದಿನ ಮೈಸೂರು ರಾಜ್ಯ ಮುಂಚೂಣಿಯಲ್ಲಿತ್ತು. ಮೊದಲು ಬೈಲಕುಪ್ಪೆ, 1966ರಲ್ಲಿ ಮುಂಡಗೋಡ, ಅನಂತರ ಹುಣಸೂರು, ಕೊಳ್ಳೇಗಾಲ. ಲ್ಹಾಸಾದ ಬಳಿಯ ಡ್ರೆಪುಂಗ್ ಹಾಗೂ ಗಾಂದೆನ್ ಎಂಬ ಪುರಾತನ ಮಠಗಳ ಭಿಕ್ಷುಗಳು ಬಂಗಾಳದ ಬಕ್ಸಾ ಶಿಬಿರದಲ್ಲಿ ಹತ್ತು ವರ್ಷ ಕಳೆದು ಮುಂಡಗೋಡಕ್ಕೆ ಬಂದು, ಆ ವಿದ್ಯಾಪೀಠಗಳನ್ನು ಇಲ್ಲಿಯೇ ಮತ್ತೆ ಕಟ್ಟಿದರು. ಹಿಮದ ನಾಡಿನವರು ಉತ್ತರ ಕನ್ನಡದ ಕಾಡು ಕಡಿದು, ಬಿಸಿಲಿಗೂ ಮಳೆಗೂ ಒಗ್ಗಿಕೊಂಡು, ಬೇಸಾಯ ಕಲಿತರು. ಚಳಿಗಾಲದಲ್ಲಿ ದೇಶದ ಊರೂರುಗಳಲ್ಲಿ ಸ್ವೆಟರ್ ಮಾರಿದರು.

ಹುಬ್ಬಳ್ಳಿ–ಧಾರವಾಡದ ಬಹಳಷ್ಟು ಕುಟುಂಬಗಳಿಗೆ ಇಂದು ಮುಂಡಗೋಡ ಎಂದರೆ ಭಾನುವಾರದ ಪ್ರವಾಸ. ಮಠದ ದೊಡ್ಡ ಬುದ್ಧನ ಮುಂದೆ ಫೋಟೊ ತೆಗೆಸಿಕೊಂಡು, ಕ್ಯಾಂಪಿನ ಚಿಕ್ಕ ಹೋಟೆಲೊಂದರಲ್ಲಿ ಮೋಮೋ, ತುಕ್ಪಾ ತಿಂದು ಸಂಜೆಗೆ ಊರು ಸೇರುತ್ತೇವೆ. ಮೋಮೋ ಅವರ ಮನೆಯ ಹಬ್ಬದ ಅಡುಗೆ. ಹೊಸ ವರ್ಷವಾದ ಲೋಸಾರ್ ಹಬ್ಬದಲ್ಲಿ, ನೆಂಟರು ಬಂದಾಗ, ಮನೆಯವರೆಲ್ಲ ಕೂತು ಮಡಿಚುವಂಥದು. ನಮ್ಮಲ್ಲಿ ಪಂಚಮಿಯ ಹಿಂದಿನ ದಿನ ಹೆಣ್ಣುಮಕ್ಕಳು ಕೂಡಿ ಉಂಡೆ ಕಟ್ಟುವ ಹಾಗೆ.

ಅದೇ ಮೋಮೋ ಹುಬ್ಬಳ್ಳಿಗೆ ಬಂದು ತಳ್ಳುಗಾಡಿಯ ಮೇಲೆ ಏರಿದಾಗ ಅದಕ್ಕೆ ‘ಚೈನೀಸ್’ ಎಂಬ ಫಲಕ ಬೀಳುತ್ತದೆ. ಇದೊಂದು ಸಣ್ಣ ತಪ್ಪಲ್ಲವೇ, ಇದರಿಂದ ಯಾರಿಗೇನು ನಷ್ಟ ಎಂದು ಕೇಳಬಹುದು. ಯಾವ ದೇಶದ ಸೇನೆಗೆ ಹೆದರಿ ತಮ್ಮ ಮನೆಮಠಗಳನ್ನು ಬಿಟ್ಟು ಬಂದರೋ, ಅದೇ ದೇಶದ ಹೆಸರಿನಲ್ಲಿ ತಮ್ಮ ತಾಯಿಯ ಕೈಯಡುಗೆ ಮಾರಾಟವಾಗುವುದನ್ನು ಅವರ ಸ್ಥಾನದಲ್ಲಿ ನಿಂತು ನೋಡಿದರೆ ಉತ್ತರ ಸಿಗುತ್ತದೆ. ಒಂದು ಮಾತನ್ನು ಮಾತ್ರ ಪ್ರಾಮಾಣಿಕವಾಗಿ ಒಪ್ಪಬೇಕು. ಮೋಮೋ ಎಂಬ ಶಬ್ದದ ಮೂಲ ಚೀನೀ ಭಾಷೆಯಲ್ಲಿ ಹಬೆಯ ರೊಟ್ಟಿಗೆ ಇರುವ ಹೆಸರಿನಲ್ಲಿದೆ ಎಂದು ಹೇಳುವವರೂ ಇದ್ದಾರೆ; ನೇಪಾಳದ ನೇವಾರರೂ ಅದನ್ನು ತಮ್ಮದೆನ್ನುತ್ತಾರೆ. ಒಲೆಯ ಮೇಲಿನ ಗಡಿಗಳು ನಕಾಶೆಯ ಮೇಲಿನ ಗಡಿಗಳಂತಲ್ಲ. ಆದರೆ ತಿನಿಸು ಎಲ್ಲಿಂದ ಹುಟ್ಟಿತು ಎಂಬುದು ಒಂದು ಪ್ರಶ್ನೆ, ನಮಗೆ ಅದನ್ನು ಯಾರು ತಂದುಕೊಟ್ಟರು ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಮುಂಡಗೋಡದಲ್ಲಿದೆ, ಡಾರ್ಜಿಲಿಂಗಿನಲ್ಲಿದೆ, ಕಠ್ಮಂಡುವಿನಲ್ಲಿದೆ, ಬೀಜಿಂಗಿನಲ್ಲಿಲ್ಲ.

ತಪ್ಪು ಹೆಸರಿನ ಬೆಲೆ

ತಪ್ಪು ಹೆಸರಿಗೆ ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಹಳೆಯ ಚರಿತ್ರೆಗೇ ಹೋಗಬೇಕಾಗಿಲ್ಲ. 2012ರ ಆಗಸ್ಟ್ ತಿಂಗಳಿನಲ್ಲಿ ಮೊಬೈಲ್ ಸಂದೇಶಗಳ ಮೂಲಕ ಹರಡಿದ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಯುವಜನರು ಕೆಲವೇ ದಿನಗಳಲ್ಲಿ ಬೆಂಗಳೂರನ್ನು ತೊರೆದರು. ಗುವಾಹಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಆ ರೈಲುಗಳಲ್ಲಿ ಹೋದವರಲ್ಲಿ ವಿದ್ಯಾರ್ಥಿಗಳಿದ್ದರು, ಕಾವಲುಗಾರರಿದ್ದರು, ನಮ್ಮ ಹೋಟೆಲುಗಳಲ್ಲಿ ಬಡಿಸುತ್ತಿದ್ದವರೂ ಬೇಯಿಸುತ್ತಿದ್ದವರೂ ಇದ್ದರು. ಸರ್ಕಾರ ಭರವಸೆ ಕೊಟ್ಟಿತು, ನಿಲ್ದಾಣಕ್ಕೆ ಹೋಗಿ ಬೇಡಿಕೊಂಡ ಸಜ್ಜನರೂ ಇದ್ದರು. ಆದರೂ ಅವರು ಅಷ್ಟು ಬೇಗ ವದಂತಿಯನ್ನು ನಂಬಿದ್ದೇಕೆ? ದಿನವೂ ಬೀದಿಯಲ್ಲಿ ‘ಚೈನೀಸ್’, ‘ಚಿಂಕಿ’ ಎಂದು ಕರೆಸಿಕೊಂಡವರಿಗೆ, ಕಷ್ಟ ಬಂದಾಗ ಈ ಊರು ತಮ್ಮ ಪರವಾಗಿ ನಿಂತೀತೆಂಬ ನಂಬಿಕೆ ಹುಟ್ಟುವುದು ಹೇಗೆ?

2020ರ ಜೂನ್‌ನಲ್ಲಿ ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಹುತಾತ್ಮರಾದಾಗ ದೇಶಕ್ಕೆ ಬಂದ ಸಿಟ್ಟು ಸಹಜವಾದದ್ದು. ಆ ಸಿಟ್ಟಿನಲ್ಲಿ ಕೇಂದ್ರದ ಸಚಿವರಾಗಿದ್ದ ರಾಮದಾಸ ಆಠವಲೆಯವರು ಚೈನೀಸ್ ಆಹಾರ ಮಾರುವ ಹೋಟೆಲುಗಳನ್ನು ಮುಚ್ಚಬೇಕು, ಜನ ಆ ಆಹಾರವನ್ನು ಬಹಿಷ್ಕರಿಸಬೇಕು ಎಂದರು. ಹಾಗೆ ಮಾಡಿದ್ದರೆ ಪೆಟ್ಟು ಬೀಳುತ್ತಿದ್ದುದು ಯಾರಿಗೆ? ಹೂಕೋಸು ಬೆಳೆಯುವ ನಮ್ಮ ರೈತನಿಗೆ, ಗಾಡಿಗೆ ಸಾಲ ಮಾಡಿದ ನಮ್ಮ ಓಣಿಯ ಹುಡುಗನಿಗೆ, ಟಾಂಗ್ರಾದ ಭಾರತೀಯನಿಗೆ, ಚೀನದಿಂದಲೇ ನಿರಾಶ್ರಿತನಾಗಿ ಬಂದ ಟಿಬೆಟಿಯನ್ನನಿಗೆ. ಫಲಕದ ಮೇಲಿನ ಒಂದು ಶಬ್ದವನ್ನು ನಿಜವೆಂದು ನಂಬಿದರೆ ಆಗುವ ಎಡವಟ್ಟು ಇದು.

ಇನ್ನು ಆರೋಗ್ಯದ ವಿಚಾರ. 2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣಗಳ ಬಳಕೆಯನ್ನು ನಿಷೇಧಿಸಿರುವುದಾಗಿ ಪ್ರಕಟಿಸಿದರು. ರಾಜ್ಯದಾದ್ಯಂತ ಸಂಗ್ರಹಿಸಿದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಪ್ರಯೋಗಾಲಯಗಳು ವರದಿ ಮಾಡಿದ್ದವು. ಆಗ ಅನೇಕರು ಆಡಿದ ಮಾತು, “ಚೈನೀಸ್ ತಿಂದರೆ ಹೀಗೇ” ಎಂಬುದು. ಆ ಕೆಂಪು ಬಣ್ಣ ಕ್ಯಾಂಟನ್ನಿನದಲ್ಲ, ಮುಂಡಗೋಡದ್ದೂ ಅಲ್ಲ. ಕಣ್ಣಿಗೆ ಕೆಂಪಾಗಿ ಕಾಣದಿದ್ದರೆ ತಿನ್ನಲೊಲ್ಲದ ನಮ್ಮ ಚಪಲದ್ದು. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಗುಣಕ್ಕೇ ಜಗತ್ಪ್ರಸಿದ್ಧವಾದ ಬ್ಯಾಡಗಿ ಮೆಣಸಿನಕಾಯಿ ನೆರೆಯ ಹಾವೇರಿ ಜಿಲ್ಲೆಯದು. ಅದು ಕೈಯಳತೆಯಲ್ಲಿರುವಾಗ ಡಬ್ಬಿಯ ಬಣ್ಣ ಬೆರೆಸಿದವರು ನಾವೇ. ತಿನಿಸಿಗೆ ಪರದೇಶದ ಹೆಸರಿಟ್ಟಾಗ ಅದರ ದೋಷದ ಹೊಣೆಯನ್ನೂ ಪರದೇಶಕ್ಕೇ ದಾಟಿಸಿಬಿಡುವುದು ಸುಲಭ.

ನಮ್ಮ ಪೇಡೆಗೊಂದು ನ್ಯಾಯ

ಹೆಸರಿನ ಮಹತ್ವವನ್ನು ಧಾರವಾಡದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಬೇರೆ ಊರಿನ ಬಸ್ ನಿಲ್ದಾಣದಲ್ಲಿ ಸಕ್ಕರೆ ಪುಡಿ ಮೆತ್ತಿದ ಯಾವುದೋ ಕಂದು ಉಂಡೆಯನ್ನು ‘ಧಾರವಾಡ ಪೇಡಾ’ ಎಂದು ಮಾರಿದರೆ ನಮಗೆ ಸಿಟ್ಟು ಬರುತ್ತದೆ. ಆ ಸಿಟ್ಟು ನ್ಯಾಯವಾದದ್ದೆಂದು ಕಾನೂನೂ ಒಪ್ಪಿದೆ. ಧಾರವಾಡ ಪೇಡೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ಆದರೆ ಲೈನ್ ಬಜಾರಿನ ಆ ಪೇಡೆಯ ಪೂರ್ವಕತೆಯನ್ನು ನೆನಪಿಸಿಕೊಳ್ಳಬೇಕು. ಪ್ಲೇಗಿಗೆ ಹೆದರಿ ಉತ್ತರ ಪ್ರದೇಶದ ಉನ್ನಾವ್‌ನಿಂದ ಧಾರವಾಡಕ್ಕೆ ಬಂದ ಠಾಕೂರ್ ಮನೆತನದವರು ಹೊಟ್ಟೆಪಾಡಿಗಾಗಿ ಮಾಡತೊಡಗಿದ ಸಿಹಿ ಅದು. ಊರು ಆ ಸಿಹಿಗೆ ತನ್ನ ಹೆಸರನ್ನು ಕೊಟ್ಟಿತು. ಆದರೆ ಮಾಡಿದವರ ಹೆಸರನ್ನು ಅಳಿಸಲಿಲ್ಲ. ‘ಠಾಕೂರ್ ಪೇಡಾ’ ಎಂದು ಇಂದಿಗೂ ಜನ ಕೇಳಿ ಕೊಳ್ಳುತ್ತಾರೆ. ಹುಬ್ಬಳ್ಳಿಯ ಸಾವಜಿ ಊಟವೂ ಹಾಗೆಯೇ. ಉತ್ತರದಿಂದ ವಲಸೆ ಬಂದ ನೇಕಾರ ಸಮುದಾಯವೊಂದರ ಮನೆಯಡುಗೆ ಅದು. ಅವರ ಹೆಸರಿನಲ್ಲಿಯೇ ಊರಿಗೆ ಪ್ರಿಯವಾಯಿತು.

ಅಂದರೆ ಬಂದವರ ಅಡುಗೆಯನ್ನು ಬಂದವರ ಹೆಸರಿನೊಂದಿಗೇ ಸ್ವೀಕರಿಸುವ ಸಂಸ್ಕಾರ ಈ ಅವಳಿ ನಗರಕ್ಕೆ ಹೊಸದಲ್ಲ. ಠಾಕೂರರಿಗೂ ಸಾವಜಿಗಳಿಗೂ ಕೊಟ್ಟ ಮರ್ಯಾದೆಯನ್ನು ಮೋಮೋ ಮಾಡುವವರಿಗೂ ಕೊಡಲು ಅಡ್ಡಿ ಏನು? ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ಆಂದೋಲನವೂ ಬೇಕಿಲ್ಲ. ಗಾಡಿಯವನು ಫಲಕ ಬರೆಸುವಾಗ ‘ಚೈನೀಸ್’ ಎಂಬುದರ ಪಕ್ಕದಲ್ಲಿ ‘ಟಿಬೆಟಿಯನ್ ಮೋಮೋ’ ಎಂದು ಎರಡು ಶಬ್ದ ಸೇರಿಸಬಹುದು. ಹೋಟೆಲಿನವರು ಮೆನು ಕಾರ್ಡಿನಲ್ಲಿ ಡಿಮ್ ಸಮ್ ಎಂದರೇನು, ಅದು ಎಲ್ಲಿಯದು ಎಂಬುದನ್ನು ಒಂದು ಸಾಲಿನಲ್ಲಿ ಹೇಳಬಹುದು. ತಿನ್ನುವ ನಾವು, ಬೇಯಿಸಿದ ಕೈ ಯಾವ ಊರಿನದೆಂದು ಕೇಳಬಹುದು. ಚಹಾ ಸುರಿದವನಿಗಾಗಿ ಕ್ಯಾಂಟನೀಸರು ಬೆರಳು ತಟ್ಟುತ್ತಾರೆ. ನಮ್ಮಲ್ಲಿ ಬಡಿಸಿದವರನ್ನು ‘ನಿಮ್ಮ ಊಟ ಆತೇನ್ರೀ’ ಎಂದು ಕೇಳುವ ಪದ್ಧತಿಯಿದೆ. ಎರಡರ ಅರ್ಥವೂ ಒಂದೇ.

ಆ ಭಾನುವಾರ ಬಿಲ್ಲು ಕೊಟ್ಟು ಏಳುವಾಗ ಅವ್ವ ನೆಟ್ಟಗೆ ಅಡುಗೆಮನೆಯ ಕಿಂಡಿಯ ಬಳಿ ಹೋದಳು. “ಯಾವೂರಪಾ ನಿಂದು? ಕಡಬು ಭಾಳ ಚಲೋ ಮಾಡೀದಿ” ಎಂದಳು. ಮೊಮ್ಮಗಳು ಅದನ್ನು ಹಿಂದಿಯಲ್ಲಿ ಹೇಳಿದಳು. ಹುಡುಗ ಹಿಟ್ಟು ಮೆತ್ತಿದ ಕೈಯನ್ನು ಒರೆಸಿಕೊಂಡು, ಸಂಕೋಚದಿಂದ, “ಕಾಲಿಂಪಾಂಗ್” ಎಂದ. ಮಡಿಚುವುದನ್ನು ಕಲಿಸಿದವಳು ತನ್ನ ಅಜ್ಜಿ ಎಂದೂ ಸೇರಿಸಿದ. ಅವ್ವನಿಗೆ ಊರಿನ ಹೆಸರು ಮೊದಲ ಸಲ ನಾಲಿಗೆಗೆ ಸಿಗಲಿಲ್ಲ. ಇನ್ನೊಮ್ಮೆ ಹೇಳಿಸಿಕೊಂಡು ಸರಿಯಾಗಿ ಉಚ್ಚರಿಸಿದಳು; ಆಮೇಲೆ ಅವನ ಹೆಸರನ್ನೂ ಕೇಳಿದಳು.

ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಿದ್ದ ಬಡಿಸುವ ಹುಡುಗ, ಅವನೊಂದಿಗೆ ಆರು ತಿಂಗಳಿಂದ ಒಂದೇ ಕೋಣೆಯಲ್ಲಿ ಮಲಗುವವನಂತೆ, ಆ ಹೆಸರನ್ನು ಅಂದೇ ಮೊದಲ ಸಲ ಕೇಳಿಸಿಕೊಂಡ.